ಒಂಬತ್ತನೇ ಸಾಲಿನ ಹೆಬ್ಬೆಟ್ಟು

ಮೊದಲು ಆ ಕಿಟಕಿ ಹಾಕು. ಚಿಲಕ ಸರಿಯಾಗಿ ಹಾಕೇ, ಇಲ್ದಿದ್ರೆ ಗಾಳಿಗೆ ಪಟ ಪಟ ಅನ್ನುತ್ತೆ, ಆಮೇಲೆ ನೀನೇ ಹೆದರ್ಕೊಂಡು ನನ್ನ ಕಂಬಳಿಯೊಳಗೆ ನುಗ್ತೀಯ.

ನಾಳೆಯಿಂದ ಆ ಶಾಲೆಯ ಗೇಟು ನಿಂದು. ಇಪ್ಪತ್ತಾರು ವರ್ಷ ನಾನು ತೆಗೆದು ಹಾಕಿದ ಗೇಟು. ಬೀಗದ ಕೈ ಗೊಂಚಲು ಕೊಟ್ಟಿದ್ದಾಯ್ತು, ಯಾವ ಬೀಗಕ್ಕೆ ಯಾವುದು ಅಂತ ಹೇಳಿದ್ದಾಯ್ತು. ಆದ್ರೆ ಇದೊಂದನ್ನ ಹೇಳದೆ ನಿನ್ನ ಅಲ್ಲಿಗೆ ಕಳಿಸಿದ್ರೆ ನಾನು ನಿನ್ನ ದೊಡ್ಡಮ್ಮನೇ ಅಲ್ಲ. ಮಧ್ಯದಲ್ಲಿ ಕಿಸಕ್ಕನೆ ನಗಬೇಡ. ನಕ್ಕರೆ ದೀಪ ಆರಿಸಿ ಮಲಗಿಬಿಡ್ತೀನಿ.

ನನ್ನ ದೊಡ್ಡಪ್ಪನ ಮಗ ಇದಾನಲ್ಲ, ನಿಂಗೆ ಮಾವ ಆಗಬೇಕು, ಕಲ್ಲಿನ ಮೇಲೆ ಅಕ್ಷರ ಕೆತ್ತೋನು... ಅವನಿಗೇ ಆಗಿದ್ದು ಇದು. ಯಾರೋ ಯಾರಿಗೋ ಹೇಳಿದ್ದನ್ನ ಕೇಳ್ಕೊಂಡು ಬಂದು ಹೇಳ್ತಿಲ್ಲ. ಆ ರಾತ್ರಿ ಅವನು ನೇರ ಓಡಿ ಬಂದಿದ್ದು ಈ ಮನೆಗೆ. ನೀನೀಗ ಕೂತಿದೀಯಲ್ಲ, ಅಲ್ಲೇ ಕುಸಿದು ಕೂತ.

ಶಾಲೆಗೂ ನಮ್ಮ ಬೀದಿಗೂ ನಡುವೆ ಬಾವಿ ಇದೆ ನೋಡು, ಆಲದಮರದ ಪಕ್ಕ. ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೆಸುಗೆ ಹೊಡೆದು ಎಷ್ಟೋ ವರ್ಷ ಆಯ್ತು. ಅವತ್ತು ಅಣ್ಣ ಶಾಲೆಯಲ್ಲಿ ಕೆಲಸ ಮುಗಿಸಿ ಹೊರಟಾಗ ಹತ್ತೂವರೆ. ಹೆಗಲಲ್ಲಿ ಉಳಿ, ಸುತ್ತಿಗೆ ಇದ್ದ ಚೀಲ. ಹೆಜ್ಜೆ ಇಟ್ಟಾಗೆಲ್ಲ ಉಳಿಗಳು ಒಂದಕ್ಕೊಂದು ತಾಗಿ ಕಿಣಿ ಕಿಣಿ ಅಂತಿದ್ವು. ಬೀದಿದೀಪ ಇದ್ದದ್ದು ಒಂದೇ, ಅದೂ ಮರದ ಆಚೆ ಕಡೆಗೆ.

ಬಾವಿ ಹತ್ರ ಬಂದಾಗ... ಟಣ್.

ಅಣ್ಣ ನಿಂತ. ಚೀಲವನ್ನ ಎದೆಗೆ ಒತ್ತಿ ಹಿಡ್ಕೊಂಡ. ಕಿಣಿ ಕಿಣಿ ನಿಂತುಹೋಯ್ತು.

ಟಣ್... ಟಣ್... ಟಪ್.

ಬೇರೆ ಯಾರಾದ್ರೂ ಆಗಿದ್ರೆ ಏನೋ ಸದ್ದು ಅಂತ ಮುಂದೆ ಹೋಗ್ತಿದ್ರು. ಇವನ ಕಸುಬೇ ಅದು. ಉಳಿ ಏಟು ಕೇಳಿದ್ರೆ ಸಾಕು, ಮೊನೆ ಚೂಪೋ ಮೊಂಡೋ, ಕಲ್ಲು ಒಣಗಿದೆಯೋ ಒದ್ದೆಯೋ ಹೇಳಿಬಿಡ್ತಾನೆ. ಇದು ಮೊಂಡು ಉಳಿ. ಒದ್ದೆ ಕಲ್ಲು. ಸದ್ದು ಬರ್ತಿದ್ದದ್ದು ಜಾಲರಿ ಕೆಳಗಿಂದ.

ತಡಿ, ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿರಲಿ. ಶಾಲೆಯಲ್ಲಿ ಅವನು ಮಾಡಿ ಬಂದಿದ್ದೇನು ಅಂತ ಗೊತ್ತಾಗದೆ ಮುಂದಿನದು ತಿಳಿಯಲ್ಲ ನಿಂಗೆ.

ನೂರು ವರ್ಷಕ್ಕೂ ಹಿಂದೆ ಇಲ್ಲಿ ಊರೇ ಇರಲಿಲ್ಲ ಕಣೇ. ಬರೀ ಬಂಡೆ. ಕಲ್ಲು ಒಡೆಯೋ ಕೆಲಸಕ್ಕೆ ಅಂತ ಒಂಬತ್ತು ಮನೆಯವರು ಬಂದು ಗುಡಿಸಲು ಹಾಕ್ಕೊಂಡ್ರು. ನೀರಿಲ್ಲ. ಒಬ್ಬ ಬಾವಿ ತೋಡೋಕೆ ಇಳಿದ, ಅರ್ಧ ತೋಡಿದಾಗ ಮೇಲಿಂದ ಕಲ್ಲು ಜಾರಿತು, ಅಲ್ಲೇ ಹೋಗಿಬಿಟ್ಟ. ಉಳಿದರ್ಧ ತೋಡಿದ್ದು ಅವನ ಹೆಂಡತಿ. ಒಬ್ಬಳೇ, ಗಂಡನ ಉಳಿ ಹಿಡ್ಕೊಂಡು. ಒಂದು ಸಲ ಸುತ್ತಿಗೆ ತಪ್ಪಿ ಎಡ ಹೆಬ್ಬೆಟ್ಟು ಸೀಳಿಹೋಯ್ತಂತೆ. ಬಟ್ಟೆ ಸುತ್ಕೊಂಡು ಮತ್ತೆ ಇಳಿದಳು. ನೀರು ಬಂತು. ಬಾವಿಯ ಸುತ್ತ ಬಂಡೆ ಒಡೆದು ನೆಲ ಸಮ ಮಾಡಿದ್ದೂ ಅವಳೇ. ಆ ನೆಲ ಅವಳದ್ದು ಅಂತ ಎಲ್ಲರೂ ಒಪ್ಪಿದ್ರು. ನೀರು ಬೇಕಿತ್ತಲ್ಲ, ಒಪ್ಪದೆ ಏನ್ಮಾಡ್ತಾರೆ!

ಆಮೇಲೆ ಉಳಿದ ಎಂಟು ಮನೆ ಯಜಮಾನರಿಗೆ ಶಾಲೆ ಬೇಕು ಅನ್ನಿಸಿತು. ಕಟ್ಟೋಕೆ ಸಮ ನೆಲ ಅಂತ ಇದ್ದದ್ದು ಅವಳದ್ದು ಒಂದೇ. ಎಂಟೂ ಜನ ಹೋಗಿ ಕೈ ಮುಗಿದು ಕೇಳಿದ್ರು.

"ತಗೊಳ್ಳಿ," ಅಂದಳಂತೆ. "ಆದ್ರೆ ನನ್ನನ್ನೂ ಕೂರಿಸಿ. ನನ್ನ ಹೆಸರು ಬರೆಯೋಕೆ ಕಲೀಬೇಕು ನಾನು."

ಅಷ್ಟೇ ಕೇಳಿದ್ದು. ಅದಕ್ಕೆ ಬದಲು ಬೇರೆ ನೆಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಆಯ್ತು ಅಂದ್ರು. ಹಾಜರಿ ಪುಸ್ತಕದಲ್ಲಿ ಒಂದನೇ ನಂಬರು ಅವಳದ್ದೇ ಬಿತ್ತು. ನಾಲ್ಕು ದಿನ ಆಗೋದ್ರಲ್ಲಿ ಗುಸುಗುಸು ಶುರುವಾಯ್ತು. ಗಂಡ ಸತ್ತವಳು, ಕಲ್ಲು ಒಡೆಯೋಳು, ನಮ್ಮ ಮಕ್ಕಳ ಪಕ್ಕದಲ್ಲಿ ಕೂರೋದಾ ಅಂತ. ಓಡಿಸೋ ಹಾಗಿಲ್ಲ, ಓಡಿಸಿದ್ರೆ ನೆಲ ವಾಪಸ್ ಕೊಡಬೇಕು. ಊರು ಕಟ್ಟಿದವರು ಕಣೇ, ಜಾಣರಲ್ಲದೆ ಏನು! ಮೇಷ್ಟ್ರನ್ನ ಕರೆದು ಒಂದೇ ಮಾತು ಹೇಳಿದ್ರು. ಹಾಜರಿ ಎರಡರಿಂದ ಕೂಗಿ.

ಮೇಷ್ಟ್ರು ಎರಡರಿಂದ ಕೂಗಿದ್ರು. ನಂಬರು ಕೂಗಿಸ್ಕೊಂಡವರಿಗೆ ಮಾತ್ರ ಸ್ಲೇಟು. ಇವಳು ಕೊನೆ ಸಾಲಿನಲ್ಲಿ ಕೂತು ಕಾದಳು. ಮಾರನೇ ದಿನವೂ ಬಂದು ಕಾದಳು. ವರ್ಷಪೂರ್ತಿ ಕಾದಳಂತೆ. ಯಾರೂ ಬೈಯಲಿಲ್ಲ, ಹೊರಗೆ ಹೋಗು ಅನ್ನಲಿಲ್ಲ. ಕರೆಯಲಿಲ್ಲ ಅಷ್ಟೇ.

ಶಾಲೆಯ ಗೋಡೆಗೆ ಕಟ್ಟಿದವರ ಹೆಸರಿನ ಕಲ್ಲು ಕೂರಿಸೋ ದಿನ ಬಂತು. ಕೆತ್ತಿದ್ದು ನಮ್ಮ ಮುತ್ತಜ್ಜ. ಎಂಟು ಸಾಲು, ಎಂಟು ಹೆಸರು. ಒಂಬತ್ತನೆಯದಕ್ಕೆ ಅವಳನ್ನ ಕರೆದು, ಹೆಸರು ಬರೆದು ತೋರಿಸು, ಹಾಗೇ ಕೆತ್ತುತ್ತೀನಿ ಅಂದ. ಎಲ್ಲಿ ಬರೀತಾಳೆ? ಮುತ್ತಜ್ಜನ ಹತ್ರ ಕಲ್ಲಿನ ಮೇಲೆ ಗುರುತು ಹಾಕೋ ಕೆಮ್ಮಣ್ಣಿತ್ತು. ಅವಳ ಹೆಬ್ಬೆಟ್ಟನ್ನ ಅದರಲ್ಲಿ ಅದ್ದಿಸಿ, ಒಂಬತ್ತನೇ ಸಾಲಿನಲ್ಲಿ ಒತ್ತಿಸಿ, ಅದರ ಮೇಲೇ ಉಳಿ ಇಟ್ಟ. ಅಡ್ಡಡ್ಡ ಇದ್ದ ಸೀಳಿನ ಗೆರೆಯನ್ನೂ ಬಿಡದೆ ಕೆತ್ತಿದ. ನಮ್ಮ ಮನೆತನದವರು ಈ ಊರಿಗೆ ಮಾಡಿದ ಒಳ್ಳೆ ಕೆಲಸ ಅಂದ್ರೆ ಅದೊಂದೇ.

ಆಮೇಲೊಂದು ದಿನ ಅವಳು ಶಾಲೆಗೆ ಬರಲಿಲ್ಲ. ಬಾವಿಗೆ ಕಾಲು ಜಾರಿ ಬಿದ್ದಳು ಅಂತಾರೆ. ಆ ಬಾವಿಯ ಒಂದೊಂದು ಮೆಟ್ಟಿಲನ್ನೂ ಕಡಿದವಳು ಕಾಲು ಜಾರ್ತಾಳಾ? ನೀನೇ ಹೇಳು.

ಕಲ್ಲಂತೂ ಉಳಿಯಿತು. ಪರೀಕ್ಷೆ ದಿನ ಮಕ್ಕಳು ಒಳಗೆ ಹೋಗೋ ಮುಂಚೆ ಆ ಗುಳಿಯಲ್ಲಿ ಬೆರಳಿಟ್ಟು ಹೋಗ್ತಿದ್ವು. ಹೆಬ್ಬೆಟ್ಟಜ್ಜಿ ಅಂತ ಕರೀತಿದ್ವು. ಅವಳು ಅಜ್ಜಿ ಆಗೋಷ್ಟು ಬದುಕಲೇ ಇಲ್ಲ, ಪಾಪ. ಇನ್ನೊಂದೂ ಉಳಿಯಿತು. ಆ ಶಾಲೆಯಲ್ಲಿ ಇವತ್ತಿಗೂ ಹಾಜರಿ ಕೂಗೋದು ಎರಡರಿಂದ. ಎಲ್ಲಾ ತರಗತಿಯ ಹಾಜರಿ ಪುಸ್ತಕದಲ್ಲೂ ಮೊದಲ ಸಾಲು ಖಾಲಿ. ಯಾಕೆ ಅಂತ ಯಾವ ಮೇಷ್ಟ್ರಿಗೂ ಗೊತ್ತಿಲ್ಲ. ಕೇಳಿದ್ರೆ, ಮೊದಲಿಂದ ಹಾಗೇ ಬಂದಿದೆ ಅಂತಾರೆ.

ಈಗ ಆ ಶಾಲೆ ಎಷ್ಟು ದೊಡ್ಡದಾಗಿದೆ ನೀನೇ ನೋಡಿದೀಯ. ಕಲ್ಲು ಕೆಲಸದವರ ಮಕ್ಕಳನ್ನ ಸೇರಿಸ್ಕೊಳ್ಳಲ್ಲ. ಹಾಗಂತ ಬೋರ್ಡು ಹಾಕಿಲ್ಲ, "ಸೀಟು ಮುಗೀತು" ಅಂತಾರೆ, ನಗ್ತಾ ನಗ್ತಾನೇ. ಅಣ್ಣ ತನ್ನ ಒಬ್ಬಳೇ ಮಗಳನ್ನ ಅಲ್ಲಿಗೆ ಸೇರಿಸಬೇಕು ಅಂತ ಎರಡು ವರ್ಷ ಅಲೆದ. ಒಳಗಿನ ಪ್ರತಿ ಬಾಗಿಲ ಮೇಲಿನ ಹೆಸರನ್ನೂ ಕೆತ್ತಿದವನು ಇವನೇ, ಮಗಳಿಗೆ ಮಾತ್ರ ಬಾಗಿಲು ತೆಗೀಲಿಲ್ಲ. ಮಗು ಬೇರೆ ದಿನಾ ಗೇಟಿನ ಸರಳು ಹಿಡ್ಕೊಂಡು ನನ್ನ ಕೇಳೋದು, "ಅತ್ತೆ, ನನ್ನ ಯಾವಾಗ ಕರೀತಾರೆ?" ಅಂತ.

ಹೋದ ವರ್ಷ ಶಾಲೆಗೆ ನೂರು ತುಂಬೋದಿತ್ತು. ಸಮಿತಿ ಅಧ್ಯಕ್ಷರು ಅಣ್ಣನಿಗೆ ಹೇಳಿ ಕಳಿಸಿದ್ರು. ನಾವೆಲ್ಲ ಅವರಿಗೆ ಕತ್ತರಿ ಅಧ್ಯಕ್ಷರು ಅಂತೀವಿ, ಎಲ್ಲಿ ರಿಬ್ಬನ್ನು ಕಟ್ಟಿದ್ರೂ ಕತ್ತರಿಸೋಕೆ ಹಾಜರ್. ನಾನು ಅಲ್ಲೇ ನೆಲ ಒರೆಸ್ತಿದ್ದೆ, ಎಲ್ಲಾ ನನ್ನ ಕಿವಿಯಾರೆ ಕೇಳಿದೀನಿ.

"ಏನಯ್ಯ ಇದು, ಕಟ್ಟಿದವರ ಪಟ್ಟಿಯಲ್ಲಿ ಹೆಬ್ಬೆಟ್ಟು?" ಅಂದ್ರು. "ಶಾಲೆ ಕಣಯ್ಯ ಇದು! ಬಂದವರು ಫೋಟೋ ತೆಗೀತಾರೆ, ಮಾನ ಹೋಗಲ್ವಾ? ಅದನ್ನ ತೆಗೆದು ಆ ಸಾಲಿನಲ್ಲಿ ನಮ್ಮ ತಾತನ ಹೆಸರು ಹಾಕು."

ಅವರ ತಾತ ಊರಿಗೆ ಬಂದಿದ್ದೇ ಶಾಲೆ ಎದ್ದು ಮೂವತ್ತು ವರ್ಷ ಆದ ಮೇಲೆ. ಅದು ಅವರಿಗೂ ಗೊತ್ತು.

ಅಣ್ಣ ತಲೆ ಕೆರ್ಕೊಂಡ. "ಹೊಸ ಕಲ್ಲು ತರಿಸಿ ಸ್ವಾಮಿ, ಎಲ್ಲಾ ಹೊಸದಾಗಿ ಕೆತ್ತಿಕೊಡ್ತೀನಿ. ಕಲ್ಲಲ್ಲಿ ಕೆತ್ತಿದ್ದನ್ನ ಅಳಿಸೋಕೆ ಆಗಲ್ಲ. ಆ ಗುಳಿ ಹೋಗಬೇಕು ಅಂದ್ರೆ ಅದರ ಆಳಕ್ಕೆ ಇಡೀ ಕಲ್ಲಿನ ಮೈ ಇಳಿಸಬೇಕು."

"ಇಳಿಸು. ಹಳೇ ಕಲ್ಲೇ ಇರಬೇಕು. ನೂರು ವರ್ಷದ್ದು ಅಂತ ಕಾಣಬೇಕು."

ಆಗ ಅವರು ನಕ್ಕರು ನೋಡು... "ನಿನ್ನ ಮಗಳದ್ದೇನೋ ಸೀಟಿನ ವಿಷಯ ಇತ್ತಲ್ಲ?"

ಅಷ್ಟೇ. ಅಣ್ಣನ ತಲೆ ಬಗ್ಗಿತು. ನಾನು ಏನ್ಮಾಡ್ದೆ ಅಂತ ಕೇಳ್ತೀಯಾ? ಬಟ್ಟೆ ಹಿಂಡಿದೆ. ನಂಗೂ ಕೆಲಸ ಬೇಕಿತ್ತು. ಬಾಯಿ ಮುಚ್ಕೊಂಡು ನೆಲ ಒರೆಸಿದೆ.

ರಜೆಯಲ್ಲಿ ನಾಲ್ಕು ದಿನ ಬಾಗಿಲು ಹಾಕ್ಕೊಂಡು ಉಜ್ಜಿದ. ಝರ್ರ್... ಝರ್ರ್... ಅಂತ ಇಡೀ ಬೀದಿಗೆ ಕೇಳ್ತಿತ್ತು. ಎಂಟು ಹೆಸರು ಮೊದಲು ಹೋದ್ವು, ಗುಳಿ ಕೊನೆಗೆ ಹೋಯ್ತು. ಆಮೇಲೆ ಮತ್ತೆ ಎಂಟು ಕೆತ್ತಿ ಒಂಬತ್ತನೆಯದೂ ಮುಗಿಸಿದ. ಮುಗಿಸಿ ಬರ್ತಿದ್ದ ರಾತ್ರಿಯೇ ಅದು.

ಈಗ ಬಾವಿ ಹತ್ರಕ್ಕೆ ಬಾ.

ಟಣ್... ಟಣ್... ಟಪ್. ಆಮೇಲೆ ಸದ್ದು ನಿಂತಿತು. ಜಾಲರಿಯ ಕೆಳಗಿಂದ ದನಿ ಬಂತಂತೆ. ಗಟ್ಟಿ ದನಿಯಲ್ಲ, ತರಗತಿಯಲ್ಲಿ ಮಕ್ಕಳು ಮೇಷ್ಟ್ರಿಗೆ ಕೇಳದ ಹಾಗೆ ಮಾತಾಡ್ಕೋತವಲ್ಲ, ಹಾಗೆ.

"ಒಂಬತ್ತನೇ ಸಾಲು... ಮುಗೀತಾ?"

ಅಣ್ಣ ಚೀಲವನ್ನ ಇನ್ನೂ ಬಿಗಿಯಾಗಿ ಒತ್ಕೊಂಡ.

"ಮುಗೀತು," ಅಂದ. ಯಾಕೆ ಉತ್ತರ ಕೊಟ್ಟೆ ಅಂತ ಅವನಿಗೇ ಗೊತ್ತಿಲ್ಲ.

"ನಂದು ತೆಗೆದ್ಯಲ್ಲ... ಯಾತಕ್ಕೆ?"

"ಮಗಳಿಗೆ... ಸೀಟು..."

ಎಲ್ಲೋ ಕೆಳಗೆ ನೀರು ತೊಟ್ಟಿಕ್ಕಿತು. ತೊಟ್... ತೊಟ್...

"ನನ್ನ ಜಾಗಕ್ಕೆ ಕಳಿಸ್ತೀಯಾ?"

ಅಣ್ಣ ಹೂಂ ಅಂದುಬಿಟ್ಟ ಕಣೇ. ಹೆದರಿಕೆಗೆ ಅಂದ. ಇಲ್ಲ ಅಂದ್ರೆ ಏನಾಗುತ್ತೋ ಅಂತ ಅಂದ. ಇಲ್ಲೇ ಕೂತು ನನ್ನ ಹತ್ರ ಹೇಳೋವಾಗ ಹಣೆ ಹಣೆ ಚಚ್ಕೊಂಡ, "ಹೂಂ ಅಂದೆ ಕಣಮ್ಮ, ಹೂಂ ಅಂದುಬಿಟ್ಟೆ" ಅಂತ.

"ಕಳಿಸು..." ಅಂತಂತೆ ಅದು. "ಒಬ್ಬಳೇ ಕೂತು ಕೂತು ಬೇಜಾರಾಗಿತ್ತು."

ಅಣ್ಣ ಚೀಲ ಅಲ್ಲೇ ಹಾಕಿ ಕಾಲಿಗೆ ಬುದ್ಧಿ ಹೇಳಿದ. ಈ ಬಾಗಿಲು ಬಡಿದ. ತೆಗೆದು ನೋಡ್ತೀನಿ, ಮುಖದಲ್ಲಿ ರಕ್ತ ಇಲ್ಲ, ಮೈ ತುಂಬ ಕಲ್ಲಿನ ಪುಡಿ. ಒಂದು ಚೊಂಬು ನೀರು ಕುಡಿಯೋಕೆ ಕಾಲು ಗಂಟೆ ತಗೊಂಡ. ನಾನು ಬೈದೆ. ಕಲ್ಲಿನ ಪುಡಿ ತಲೆಗೇರಿದೆ, ಹೋಗಿ ಮಲಕ್ಕೋ ಅಂದೆ. ಬೆಳಗ್ಗೆ ನಾನೇ ಹೋಗಿ ಚೀಲ ತಂದೆ. ಒಂದು ಉಳಿ ಕಮ್ಮಿ ಇತ್ತು.

ಸಮಾರಂಭ ಜೋರಾಗಿ ಆಯ್ತು. ಕತ್ತರಿ ಅಧ್ಯಕ್ಷರು ತಾತನ ಹೆಸರಿನ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸ್ಕೊಂಡ್ರು. ಕಲ್ಲಿಗೆ ಗಾಜು ಹಾಕಿಸಿ, ಬೀಗ ಹಾಕಿ, ಬೀಗದ ಕೈ ತಾವೇ ಇಟ್ಕೊಂಡ್ರು. ಮಾತು ಮಾತ್ರ ತಪ್ಪಲಿಲ್ಲ. ಮಗುವಿಗೆ ಒಂದನೇ ತರಗತಿಯಲ್ಲಿ ಸೀಟು ಸಿಕ್ತು. ಆದ್ರೆ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ಕೊನೆ ಸಾಲಿನವರೆಗೂ ತುಂಬಿಹೋಗಿದೆ. ಹೆಡ್‌ಮೇಡಂ ಹಾಳೆ ತಿರುವಿ, "ಅರೆ, ಮೊದಲ ಸಾಲು ಖಾಲಿ ಇದೆಯಲ್ಲ, ಇಲ್ಲೇ ಬರೆದ್ರಾಯ್ತು" ಅಂತ ಅಲ್ಲೇ ಬರೆದ್ರು.

ಒಂದನೇ ನಂಬರು.

ನಾನು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ಮಾರನೇ ದಿನ ಟೀಚರು ಹಾಜರಿ ಕೂಗಿದ್ರು. "ಎರಡು..." ಅಂತಲೇ ಶುರು. ಮಗು ಹೊಸ ಚೀಲ ತೊಡೆ ಮೇಲಿಟ್ಕೊಂಡು ಕಾದಳು. ಪುಸ್ತಕ ಹಂಚೋದೂ ನಂಬರಿನ ಪ್ರಕಾರ, ಅದೂ ಎರಡರಿಂದ. ಅಣ್ಣ ಹೋಗಿ ಕೇಳಿದ. ಟೀಚರು ಪಾಪ ಒಳ್ಳೆ ಹುಡುಗಿ, ಕಣ್ಣಲ್ಲಿ ನೀರು ಹಾಕ್ಕೊಂಡು, "ಕರೆದೆ ಅಂತಲೇ ಅನ್ಸುತ್ತೆ ನಂಗೆ, ಒಂದು ಅಂತ ಬಾಯಲ್ಲಿ ಬಂದ ಹಾಗೇ ಇರುತ್ತೆ" ಅಂದಳು. ಪುಸ್ತಕ ಕೊಟ್ಟಳು. ಮಾರನೇ ದಿನ ಮತ್ತೆ ಎರಡರಿಂದ. ನಂಬರು ಬದಲಾಯಿಸಿ ಅಂದ್ರೆ ಕಂಪ್ಯೂಟರಿಗೆ ಹೋಗಿಬಿಟ್ಟಿದೆ, ಮುಂದಿನ ವರ್ಷ ನೋಡೋಣ ಅಂದ್ರು. ಬೇರೆ ಶಾಲೆಗೆ ಹಾಕ್ತೀನಿ ಬಾ ಅಂತ ಅಣ್ಣ ಕೈ ಹಿಡಿದು ಎಳೆದ್ರೆ ಮಗು ಬೆಂಚು ಬಿಟ್ಟು ಏಳಲಿಲ್ಲ.

"ನನ್ನ ಇನ್ನೂ ಕರೆದಿಲ್ಲ ಅಪ್ಪ," ಅಂದಳು.

ಹೋಗಲಿ ಅಂತ ಅಣ್ಣ ಮನೆಯಲ್ಲೇ ಕೂರಿಸ್ಕೊಂಡು ತಿದ್ದಿಸಿದ. ಕಾಗುಣಿತ ಎಲ್ಲಾ ಬರೀತಾಳೆ, ಅಪ್ಪನ ಕೈಯೇ, ಗುಂಡು ಗುಂಡಾಗಿ. ನಿನ್ನ ಹೆಸರು ಬರಿ ಅಂದ್ರೆ ಮಾತ್ರ ಬಳಪ ಕೆಳಗಿಡ್ತಾಳೆ. "ಕರೆದ್ರೆ ಬರೀತೀನಿ." ಆ ಗುಳಿಯನ್ನ ಮತ್ತೆ ಕೆತ್ತಿಬಿಡ್ತೀನಿ ಅಂತ ಅಣ್ಣ ಅಧ್ಯಕ್ಷರ ಕಾಲಿಗೆ ಬಿದ್ದ. ಅವರು ಬೀಗದ ಕೈ ಕೊಡಲಿಲ್ಲ. ಕೊಟ್ಟಿದ್ರೂ ಯಾವ ಹೆಬ್ಬೆಟ್ಟು ನೋಡ್ಕೊಂಡು ಕೆತ್ತಬೇಕಿತ್ತು ಅವನು?

ವರ್ಷದ ಕೊನೆ ದಿನ ಫಲಿತಾಂಶದ ಕಾಗದ ಕೊಡ್ತಾರೆ. ಕೆಳಗೆ ಒಂದು ಗೆರೆ ಇರುತ್ತೆ, ಅಲ್ಲಿ ಮಗು ತನ್ನ ಕೈಯಾರೆ ಹೆಸರು ಬರೀಬೇಕು. ಟೀಚರು ಎಲ್ಲರದ್ದೂ ಬರೆಸಿ ಕಳಿಸಿದ್ರು. ಸಂಜೆ ನಾನು ಬೀಗ ಹಾಕೋಕೆ ಹೋದೆ. ಅಣ್ಣನೂ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದ್ದ. ಒಳಗೆ ಹೋದ್ವಿ. ಎಲ್ಲಾ ಬೆಂಚು ಖಾಲಿ. ಕೊನೆ ಬೆಂಚಿನಲ್ಲಿ ಮಗು ಒಬ್ಬಳೇ, ಕೈ ಕಟ್ಕೊಂಡು ಕೂತಿದಾಳೆ. ಮುಂದೆ ಅವಳ ಕಾಗದ. ಕೆಳಗಿನ ಗೆರೆ ಮೇಲೆ ಹೆಬ್ಬೆಟ್ಟಿನ ಗುರುತು... ಕೆಂಪಗೆ. ಇನ್ನೂ ಒದ್ದೆ ಇತ್ತು.

"ಏನೇ ಇದು?" ಅಂದೆ.

"ಇಷ್ಟು ಸಾಕಂತೆ, ಅತ್ತೆ," ಅಂದಳು.

ಅಣ್ಣ ಕಾಗದ ಎತ್ಕೊಂಡು ಬೆಳಕಿಗೆ ಹಿಡಿದ. ಬೆರಳಿನ ಗೆರೆಗಳ ಮೇಲೆ ಅಡ್ಡಡ್ಡ ಒಂದು ಸೀಳು. ನಾಲ್ಕು ದಿನ ಅದನ್ನೇ ನೋಡ್ತಾ ಉಜ್ಜಿದವನು, ಗುರುತು ಸಿಗದೆ ಇರುತ್ತಾ? ಆ ಪುಟ್ಟ ಬೆಂಚಿನ ಮೇಲೆ ಮಂಡಿ ಮಡಚಿ ಕೂತು ಅತ್ತುಬಿಟ್ಟ. ಊರಿಗೆಲ್ಲ ಹೆಸರು ಕೆತ್ತಿಕೊಟ್ಟವನ ಮಗಳು, ಹೆಸರಿರಬೇಕಾದ ಜಾಗದಲ್ಲಿ ಹೆಬ್ಬೆಟ್ಟು. ಗಂಡಸು ಹಾಗೆ ಅತ್ತಿದ್ದನ್ನ ನಾನು ನೋಡಿರಲಿಲ್ಲ. ಯಾವ ಬಾಯಲ್ಲಿ ಸಮಾಧಾನ ಮಾಡಲಿ? ನಾನೂ ಬಾಯಿ ಮುಚ್ಕೊಂಡು ನೆಲ ಒರೆಸಿದವಳೇ ತಾನೆ?

ಮಗುವಿನ ಎರಡೂ ಕೈ ಹಿಡಿದು ತಿರುಗಿಸಿ ನೋಡ್ದೆ. ಒಣಗಿದ್ವು. ಒಂದು ಚೂರು ಕೆಂಪಿರಲಿಲ್ಲ. ಶಾಲೆಯಲ್ಲಿ ಇರೋದು ನೀಲಿ ಶಾಯಿ, ಅದರ ಡಬ್ಬಿ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕಾಗದ ನನ್ನ ಟ್ರಂಕಿನಲ್ಲಿದೆ. ಅಣ್ಣ ಮನೆಯಲ್ಲಿ ಇಟ್ಕೊಳ್ಳಲ್ಲ ಅಂದ. ಬೆಳಗ್ಗೆ ತೋರಿಸ್ತೀನಿ, ಆ ಗುರುತಿನ ಮೇಲೆ ನಿನ್ನ ಹೆಬ್ಬೆಟ್ಟು ಇಟ್ಟು ನೋಡು. ನಂದು ಇಟ್ಟು ನೋಡಿದೀನಿ, ನನ್ನದಕ್ಕಿಂತ ದೊಡ್ಡದು. ಈ ವಯಸ್ಸಲ್ಲಿ ನಿನ್ನ ಹತ್ರ ಸುಳ್ಳು ಹೇಳಿ ನಾನು ಏನು ಕಟ್ಕೊಂಡು ಹೋಗಬೇಕು?

ಎರಡನೇ ತರಗತಿ ಹಾಜರಿ ಪುಸ್ತಕ ಮೊನ್ನೆ ನೋಡಿ ಬಂದೆ. ಮತ್ತೆ ಮೊದಲ ಸಾಲೇ.

ಸರಿ, ಮಲಕ್ಕೋ. ನಾಳೆ ಬೇಗ ಏಳಬೇಕು. ಮಗು ಕೊನೆ ಬೆಂಚಿನಲ್ಲಿ ಕೂತಿರ್ತಾಳೆ, ಗೋಡೆ ಕಡೆಗೆ ಒಬ್ಬರು ಕೂರೋಷ್ಟು ಜಾಗ ಬಿಟ್ಟು. ಸರಿದು ಕೂರು ಅಂತ ಹೇಳೋಕೆ ಹೋಗಬೇಡ. ಸಂಜೆ ಬೆಂಚು ಒರೆಸೋವಾಗ ಆ ಜಾಗ ಒದ್ದೆ ಇರುತ್ತೆ, ದಿನಾ ಇರುತ್ತೆ. ಒಣ ಬಟ್ಟೆ ಒಂದು ಜಾಸ್ತಿ ಇಟ್ಕೋ.